ನನ್ನ ಹೆಬ್ಬೆರಳೂ ಕಣ್ಣಂದಾಜಿನ ವೈದ್ಯವೂ

ನಮ್ಮ ಕಡೆ ಡಾಕ್ಟರರ ಯೋಗ್ಯತೆಯನ್ನು ಅವರು ರೋಗದ ಹೆಸರು ಹೇಳುವ ವೇಗದಿಂದ ಅಳೆಯುತ್ತೇವೆ. ರೋಗಿ ಚಪ್ಪಲಿ ಬಿಡುವಷ್ಟರಲ್ಲಿ ‘ಇದು ಪಿತ್ತ’ ಎಂದವರು ಸಾಕ್ಷಾತ್ ಧನ್ವಂತರಿ. ‘ಪರೀಕ್ಷೆ ಮಾಡಿಸಿ’ ಎಂದವರು ಓದು ಸಾಲದವರು, ಇಲ್ಲವೇ ಲ್ಯಾಬಿನವರ ಜೊತೆ ಒಳಒಪ್ಪಂದ ಇರುವವರು. ಈ ನಂಬಿಕೆಯಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಅದರ ಫಲವಾಗಿ ಈಗ ನನ್ನ ಎಡಗಾಲಿಗೆ ಹೆಬ್ಬೆರಳಿಲ್ಲ. ಉಂಗುಷ್ಟದ ಚಪ್ಪಲಿ ಕಾಲಲ್ಲಿ ನಿಲ್ಲುವುದಿಲ್ಲವೆಂದು ಮದುವೆಮನೆಗೂ ಬೂಟು ಹಾಕಿಕೊಂಡೇ ಹೋಗುತ್ತೇನೆ.

ಶುರುವಾದದ್ದು ಉಗುರಿನ ಮೇಲೆ ಪೆನ್ಸಿಲ್ಲಿನಿಂದ ಎಳೆದಂಥ ಒಂದು ಕಪ್ಪು ಗೆರೆಯಿಂದ. ಆಗ ನಾನು ಭದ್ರಾವತಿಯಿಂದ ಶಂಕರಘಟ್ಟದ ಯೂನಿವರ್ಸಿಟಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಗುಮಾಸ್ತ. ಗೆರೆ ಅಗಲವಾಗಿ ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹರಡಿದಾಗ ಹೆಂಡತಿ ಸರೋಜ ಹಟಹಿಡಿದು ಮನೆಯ ಹತ್ತಿರದ ಡಾಕ್ಟರಲ್ಲಿಗೆ ಅಟ್ಟಿದಳು. ಅವರು ಕುರ್ಚಿಯಿಂದ ಏಳಲಿಲ್ಲ. ಮೇಜಿನ ಆಚೆಯಿಂದಲೇ ಬಗ್ಗಿ ನೋಡಿ, “ಯಾರಾದ್ರೂ ತುಳಿದಿದ್ರಾ?” ಎಂದರು. ಬೆಳಗಿನ ಆ ಬಸ್ಸಿನಲ್ಲಿ ಕಾಲು ತುಳಿಸಿಕೊಳ್ಳದೆ ಇಳಿದವರುಂಟೆ? ಹೌದು ಎಂದೆ. “ರಕ್ತ ಹೆಪ್ಪುಗಟ್ಟಿದೆ, ಅಷ್ಟೇ. ಉಗುರು ಬೆಳೆದ ಹಾಗೆ ಹೋಗುತ್ತೆ.” ನನಗೆ ಎಂಥ ಖುಷಿ! ತುಳಿದವನ ಮುಖವೂ ನೆನಪಿಗೆ ಬಂದುಬಿಟ್ಟಿತು. ಬೂಟು ಹಾಕಿದ್ದ ಆ ವಿದ್ಯಾರ್ಥಿಯನ್ನು ವಾರಗಟ್ಟಲೆ ಮನಸ್ಸಿನಲ್ಲೇ ಬೈದೆ. ಪಾಪ, ಅವನು ತುಳಿದದ್ದು ನನ್ನ ಬಲಗಾಲನ್ನು.

ಉಗುರು ಬೆಳೆಯಿತು, ಕಪ್ಪು ಹೋಗಲಿಲ್ಲ. ಶಿವಮೊಗ್ಗದಲ್ಲಿದ್ದ ಭಾವಮೈದ ರಮೇಶ, “ಭಾವ, ನಮ್ಮ ವಿದ್ಯಾನಗರದ ಡಾಕ್ಟ್ರಿಗೆ ತೋರಿಸಿ. ದೂರದಿಂದ ನೋಡೇ ಹೇಳ್ತಾರೆ” ಎಂದ. ಅವರು ದೂರದಿಂದ ನೋಡಿಯೇ ಫಂಗಸ್ ಎಂದರು. ಮುಲಾಮು ಹಚ್ಚುತ್ತಾ ಹೋದೆ, ಕಪ್ಪು ಹರಡುತ್ತಾ ಹೋಯಿತು. ಕೊನೆಗೆ ಸರೋಜ ಯಾರನ್ನೋ ವಿಚಾರಿಸಿ, ಶಿವಮೊಗ್ಗದಲ್ಲೇ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಒಬ್ಬ ಚರ್ಮದ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದಳು. ರಮೇಶನೂ ಬಂದ. ಆ ಹುಡುಗ ಡಾಕ್ಟರು ನೆಲಕ್ಕೆ ಮಂಡಿಯೂರಿ, ನನ್ನ ಪಾದವನ್ನು ಕೈಯಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. “ಕ್ಯಾನ್ಸರ್ ಇರಬಹುದು ಅಂತ ನನಗೆ ಅನುಮಾನ. ಆದ್ರೆ ಕಣ್ಣಲ್ಲಿ ನೋಡಿ ಖಚಿತವಾಗಿ ಹೇಳಕ್ಕಾಗಲ್ಲ. ಇಂಥದ್ರಲ್ಲಿ ಎಂಥ ಅನುಭವಸ್ಥರೂ ತಪ್ತಾರೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ.”

ಹೊರಗೆ ಬಂದ ಕೂಡಲೇ ರಮೇಶ ಸಿಡಿದ. “ಗೊತ್ತಿಲ್ಲ ಅನ್ನಕ್ಕೆ ಡಾಕ್ಟ್ರು ಯಾಕೆ ಬೇಕು ಮಾರಾಯ್ರೆ? ಚಾಕು ತಾಗಿದ್ರೆ ಕೆರಳುತ್ತೆ ಭಾವ, ಮುಟ್ಟಿಸ್ಕೋಬೇಡಿ.” ಚಾಕು ತಾಗಿ ಕೆರಳಿ ಸತ್ತವರ ಕತೆ ನಮ್ಮಲ್ಲಿ ಮನೆಗೊಂದಿದೆ. ಅವರು ಸಾಯುವ ಸ್ಥಿತಿ ತಲುಪಿದ ಮೇಲೆಯೇ ಚಾಕು ತಾಗಿಸಿದ್ದು ಎಂಬುದು ಮಾತ್ರ ಯಾವ ಕತೆಯಲ್ಲೂ ಬರುವುದಿಲ್ಲ. ನಾನು ಮುಲಾಮಿಗೆ ಮರಳಿದೆ. ಬಸ್ಸಿನಲ್ಲಿ ಸರೋಜ ಅಳುತ್ತಾ ಹೇಳಿದಳು: “ಗೊತ್ತಿಲ್ಲ ಅಂದೋರು ಒಬ್ರೇ ರೀ, ಕಾಲು ಮುಟ್ಟಿ ನೋಡಿದ್ದು.”

ಬೆರಳು ಒಡೆದು ರಕ್ತ ಸುರಿಯತೊಡಗಿದ ಮೇಲೆ ಅದೇ ಡಾಕ್ಟರು ಚೂರು ತೆಗೆದು ಕಳಿಸಿದರು. ಮೆಲನೋಮ ಎಂದು ಬಂತು. ಕಪ್ಪು ಕಲೆಯಂತೆ ಕಂಡು ಒಳಗೊಳಗೇ ಹಬ್ಬುವ ಕ್ಯಾನ್ಸರಂತೆ. ಬೆರಳು ತೆಗೆದರು. ನೋಡಲು ಬಂದವರೆಲ್ಲ ಮೂಸಂಬಿ ತಂದರು, ಜೊತೆಗೆ “ನನಗೆ ನೋಡಿದ ಕೂಡ್ಲೇ ಅನ್ನಿಸಿತ್ತು” ಎಂಬ ಮಾತನ್ನೂ ತಂದರು. ರಮೇಶನೂ ಅದನ್ನೇ ಹೇಳಿದ. ಮೇಜಿನ ಆಚೆಯ ಆ ಡಾಕ್ಟರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎದ್ದು ಬಂದು ನೋಡಿದ್ದರೂ ಅವರು ತಪ್ಪುತ್ತಿದ್ದರೇನೋ. ಆದರೆ ಏಳಬಹುದಿತ್ತು.

ಮೊನ್ನೆ ತಪಾಸಣೆಗೆ ಹೋಗಿದ್ದೆವು. ರೋಗ ಮೇಲಕ್ಕೆ ಹಬ್ಬಿದೆಯೇ ಎಂದು ತೊಡೆಸಂದಿಯನ್ನು ಒತ್ತಿ ನೋಡುತ್ತಿದ್ದ ಆ ಹುಡುಗ ಡಾಕ್ಟರ ಬೆರಳು ಒಂದು ಕಡೆ ನಿಂತಿತು. “ಇಲ್ಲೊಂದು ಸಣ್ಣ ಗಂಟಿದೆ. ಬರೀ ನಂಜಿಗೂ ಆಗಿರಬಹುದು. ಮುಟ್ಟಿ ಹೇಳಕ್ಕಾಗಲ್ಲ, ಪರೀಕ್ಷೆಗೆ ಕಳಿಸೋಣ.” ಸರೋಜ ನನ್ನ ತೋಳು ಹಿಡಿದುಕೊಂಡಳು. ಬೆರಳು ಕೊಟ್ಟು ಬುದ್ಧಿ ಕಲಿತ ನಾನು ಡಾಕ್ಟರ ಕೈ ಹಿಡಿದು ಕೇಳಿದೆ:

“ಪರೀಕ್ಷೆ ಇರ್ಲಿ ಡಾಕ್ಟ್ರೇ. ನೀವು ಸುಮ್ನೆ ಅಂದಾಜಲ್ಲಿ ಹೇಳಿ, ಏನೂ ಇಲ್ಲ ಅಲ್ವಾ?”