ಎಡಗಾಲಿನ ಹೆಬ್ಬೆರಳೇ ಬೀಗದ ಕೈ

ಮೊದಲೇ ಹೇಳಿಬಿಡುತ್ತೇನೆ, ನಾನು ಬಹಳ ಜಾಗರೂಕ ಮನುಷ್ಯ. ಇದೇ ಗುಣಕ್ಕೆ ನನ್ನ ಹೆಂಡತಿ ಶಾರದೆ ಪುಕ್ಕಲುತನ ಎಂದು ಹೆಸರಿಟ್ಟಿದ್ದಾಳೆ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಲಗ್ಗೆರೆಯ ಬಸ್‌ಸ್ಟಾಪಿನವರೆಗೆ ಹೋದಮೇಲೂ ಮನಸ್ಸು ತಡೆಯದೆ ವಾಪಸ್ ಬಂದು ಮತ್ತೊಮ್ಮೆ ಎಳೆದು ನೋಡುವವನು ನಾನು. ಒಮ್ಮೆ ಹಾಗೆ ಎಳೆದ ರಭಸಕ್ಕೆ ಚಿಲಕವೇ ಕಿತ್ತು ಬಂದು ಬಾಗಿಲು ತೆರೆದುಕೊಂಡಿತು. ಅದು ಚಿಲಕದ ತಪ್ಪು.

ಇಂಥವನ ಕೈಗೆ ಬೆರಳಚ್ಚಿನಿಂದ ತೆರೆಯುವ ಮೊಬೈಲ್ ಫೋನ್ ಬಂತು. ಅಂಥ ಫೋನುಗಳು ನಮ್ಮಂಥವರ ಕೈಗೆಟುಕುವ ಬೆಲೆಗೆ ಆಗತಾನೆ ಇಳಿದಿದ್ದವು. ಪರದೆಯ ಕೆಳಗೊಂದು ಗುಂಡಿ, ಅದರ ಮೇಲೆ ಬೆರಳಿಟ್ಟರೆ ಸಾಕು, ಫೋನು ಬಾಗಿಲು ತೆರೆಯುತ್ತದೆ. ಎರಡು ದಿನ ಸುಖವಾಗಿದ್ದೆ. ಮೂರನೆಯ ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಪತ್ರಿಕೆ ಓದಿದೆ. ಅಲ್ಲಿಗೆ ಸುಖ ಮುಗಿಯಿತು.

ಯಾವುದೋ ದೇಶದಲ್ಲಿ ಮಲಗಿದ್ದ ಅಪ್ಪನ ಹೆಬ್ಬೆರಳನ್ನು ಮಗಳೊಬ್ಬಳು ಮೆಲ್ಲಗೆ ಎತ್ತಿ ಫೋನಿಗೆ ಒತ್ತಿ, ಬೇಕಾದ ಆಟಿಕೆಗಳನ್ನೆಲ್ಲ ತರಿಸಿಕೊಂಡಿದ್ದಳಂತೆ. ಸಾಲದ್ದಕ್ಕೆ, ನಾವು ಮುಟ್ಟಿದ ಲೋಟದಿಂದಲೂ ಕಳ್ಳರು ಬೆರಳಚ್ಚು ಎತ್ತಬಲ್ಲರು ಎಂದು ಕೆಳಗೆ ಬರೆದಿತ್ತು. ನಾನು ಕಾಫಿ ಲೋಟ ಕೆಳಗಿಟ್ಟೆ. ಪಂಚೆಯ ಚುಂಗಿನಿಂದ ಒರೆಸಿದೆ. ಶಾರದೆ ಒಳಗಿನಿಂದಲೇ ನೋಡುತ್ತಿದ್ದಳು.

"ಅಲ್ಲಾ ಕಣ್ರೀ, ನಿಮ್ ಫೋನಲ್ಲಿ ಕದಿಯೋಕೆ ಏನಿದೆ? ದಿನಾ ಬೆಳಗ್ಗೆ ಬರೋ ಶುಭೋದಯದ ಹೂವು ತಾನೆ? ಬೇಕಾದ್ರೆ ಕಳ್ಳ ಮುಡ್ಕೊಂಡು ಹೋಗ್ಲಿ ಬಿಡಿ."

ಭದ್ರತೆಯ ಗಂಭೀರ ವಿಷಯಗಳು ಅವಳಿಗೆ ಅರ್ಥವಾಗುವುದಿಲ್ಲ. ನಾನು ಯೋಚನೆಗೆ ಬಿದ್ದೆ. ನನ್ನ ಕೈಬೆರಳುಗಳು ದಿನಕ್ಕೆ ಎಷ್ಟು ಕಡೆ ತಮ್ಮ ಗುರುತು ಬಿಟ್ಟು ಬರುತ್ತವೆ! ಬಸ್ಸಿನ ಕಂಬಿ, ಹೋಟೆಲಿನ ಲೋಟ, ಕಾರ್ಖಾನೆಯಲ್ಲಿ ಹಾಜರಿ ಹಾಕುವ ಯಂತ್ರ. ಹಾಗಾದರೆ ಎಲ್ಲಿಯೂ ಗುರುತು ಬಿಡದ ಬೆರಳು ನನ್ನ ದೇಹದಲ್ಲಿ ಯಾವುದಿದೆ? ತಲೆ ತಗ್ಗಿಸಿ ಯೋಚಿಸುತ್ತಿದ್ದಾಗ ಉತ್ತರ ಕಣ್ಣಮುಂದೆಯೇ ಕಾಣಿಸಿತು. ನನ್ನ ಎಡಗಾಲಿನ ಹೆಬ್ಬೆರಳು! ಹಗಲೆಲ್ಲ ಕಾಲುಚೀಲದೊಳಗೆ, ಕಾಲುಚೀಲ ಕಬ್ಬಿಣದ ಮೂತಿಯ ಸೇಫ್ಟಿ ಶೂ ಒಳಗೆ. ಇದಕ್ಕಿಂತ ಭದ್ರವಾದ ಲಾಕರು ಯಾವ ಬ್ಯಾಂಕಿನಲ್ಲಿದೆ?

ಬಾಗಿಲು ಹಾಕಿಕೊಂಡು, ಕುರ್ಚಿಯ ಮೇಲೆ ಕಾಲಿಟ್ಟು, ಫೋನಿಗೆ ಹೆಬ್ಬೆರಳನ್ನು ಪರಿಚಯ ಮಾಡಿಸತೊಡಗಿದೆ. ಎತ್ತಿ ಇಡಿ, ಎತ್ತಿ ಇಡಿ ಎಂದು ಫೋನು ಹೇಳುತ್ತಲೇ ಇತ್ತು. ಬಟ್ಟೆ ಮಡಿಸಿಡಲು ಬಂದ ಶಾರದೆ ಬಾಗಿಲು ತಳ್ಳಿದವಳು ಹಾಗೆಯೇ ನಿಂತಳು. ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದೀರಾ ಎಂದು ಕೇಳಿದಳು. ವಿಷಯ ತಿಳಿದಮೇಲೆ, ಬಣ್ಣ ಹಚ್ಚಿಕೊಂಡಿದ್ದರೇ ವಾಸಿಯಿತ್ತು ಎಂದಳು. ಫೋನನ್ನು ಕಾಲಲ್ಲಿ ಮುಟ್ಟುವುದೆಂದರೆ ಪುಸ್ತಕ ತುಳಿದಷ್ಟೇ ಪಾಪ ಎಂಬುದು ಅವಳ ವಾದ. ನನ್ನನ್ನು ತಡೆಯಲೆಂದೇ ಪರದೆಯ ಮೇಲೆ ದೇವಿಯ ಚಿತ್ರ ಹಾಕಿಕೊಟ್ಟಳು. ನಾನು ಬಿಟ್ಟೇನೆಯೇ? ಗುಂಡಿ ಇರುವುದು ಚಿತ್ರದ ಕೆಳಗೆ, ಅಂದರೆ ದೇವಿಯ ಪಾದದ ಬಳಿ. ಪಾದಕ್ಕೆ ಪಾದ ತಾಗಿದರೆ ಶಾಸ್ತ್ರದಲ್ಲಿ ತಪ್ಪಿಲ್ಲ ಎಂದು ನಾನೇ ಒಂದು ಶಾಸ್ತ್ರ ಮಾಡಿ, ಪ್ರತಿ ಸಲ ಫೋನು ತೆರೆದಮೇಲೆ ಅದನ್ನು ಕಣ್ಣಿಗೊತ್ತಿಕೊಳ್ಳುವ ಪ್ರಾಯಶ್ಚಿತ್ತವನ್ನೂ ಸೇರಿಸಿದೆ.

ಇನ್ನು ಕಾರ್ಖಾನೆ. ಪೀಣ್ಯದಲ್ಲಿ ತಗಡು ಒತ್ತಿ ವಾಹನಗಳ ಬಿಡಿಭಾಗ ಮಾಡುವ ಸಣ್ಣ ಶೆಡ್ಡು ನಮ್ಮದು. ನಾನು ಅಲ್ಲಿ ಸ್ಟೋರ್‌ಕೀಪರ್. ಮಾಲೀಕರು ಶಿವಣ್ಣ. ಈಗ ಶೆಡ್ಡಿರುವ ಜಾಗದಲ್ಲಿ ಹಿಂದೆ ಅವರ ಮನೆಯವರೇ ರಾಗಿ ಬೆಳೆಯುತ್ತಿದ್ದರಂತೆ. ಹಾಗೆ ರಾಗಿ ಬೆಳೆದವರಲ್ಲಿ ಶಿವಣ್ಣನವರ ತಾಯಿಯೂ ಒಬ್ಬರು. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ಇವರೆಲ್ಲರ ಕಣ್ಣೆದುರಿಗೆ ಶೂ ಬಿಚ್ಚಿ ಫೋನು ತೆರೆಯುವುದು ಹೇಗೆ? ಟಾಯ್ಲೆಟ್ಟಿಗೆ ಹೋಗಿ ತೆರೆಯುತ್ತಿದ್ದೆ. ಫೋನು ಸದ್ದು ಮಾಡಿದಾಗಲೆಲ್ಲ ನಾನು ಅತ್ತ ಓಡುವುದನ್ನು ಕಂಡು, ಪ್ರೆಸ್ ಯಂತ್ರ ನಡೆಸುವ ಕೊಪ್ಪಳದ ಮಲ್ಲಪ್ಪನಿಗೆ ಕರುಳು ಚುರ್ ಎಂದಿರಬೇಕು.

"ಸಾಹೇಬ್ರ, ಹೊಟ್ಟಿ ಭಾಳ ಕೆಟ್ಟೈತೇನ್ರಿ? ಊಟ ಆದ್ಮ್ಯಾಲ ಚೂರು ಅಜವಾನ ಅಗಿರಿ," ಎಂದು ಕಾಗದದಲ್ಲಿ ಕಟ್ಟಿದ ಓಂಕಾಳಿನ ಪೊಟ್ಟಣ ಕೊಟ್ಟ.

ಭದ್ರತೆಯ ಗುಟ್ಟು ಕಾಪಾಡಲು ನಾನು ಅಜವಾನವನ್ನೂ ಅಗಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ನಮ್ಮ ಮಾಲು ಹೋಗುವುದು ಊರಿನ ಇನ್ನೊಂದು ತುದಿಯ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ದೊಡ್ಡ ಕಂಪನಿಗೆ. ಟೆಂಪೋ ಅವರ ಗೇಟು ತಲುಪಿದಾಗ ನಮ್ಮ ಕಡೆಯ ಒಂದು ಫೋನಿಗೆ ಗುಪ್ತ ಸಂಖ್ಯೆ ಬರುತ್ತದೆ. ಅದನ್ನು ಚಾಲಕನಿಗೆ ತಿಳಿಸಿ ಅವನು ಗೇಟಿನಲ್ಲಿ ಹೇಳಿದರೆ ಮಾತ್ರ ಒಳಗೆ ಪ್ರವೇಶ. ಆ ಸಂಖ್ಯೆ ನನ್ನ ಫೋನಿಗೆ ಮಾತ್ರ ಬರಬೇಕೆಂದು ಶಿವಣ್ಣನವರ ಮುಂದೆ ದೊಡ್ಡ ಭಾಷಣ ಮಾಡಿ ಒಪ್ಪಿಸಿದ್ದೆ. ಬಂದ ಸಂದೇಶ ಪರದೆಯ ಮೇಲೆ ಯಾರಿಗೂ ಕಾಣದಂತೆ ಮಾಡಿದ್ದೆ. ಕಂಪನಿಯ ಗೇಟ್ ಆಫೀಸಿಗೂ ಫೋನು ಮಾಡಿ, ಮಾಲೀಕರ ಹೆಸರಿನಲ್ಲಿ ಯಾರಾದರೂ ಸಂಖ್ಯೆ ಕೇಳಿದರೆ ಖಂಡಿತ ನಂಬಬೇಡಿ ಎಂದು ಎಚ್ಚರಿಸಿದ್ದೆ. ಅಂದು ರಾತ್ರಿ ನನಗೆ ಬಹಳ ಒಳ್ಳೆಯ ನಿದ್ದೆ ಬಂತು.

ಆಯುಧಪೂಜೆ ಬಂತು. ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಯಂತ್ರಗಳನ್ನೆಲ್ಲ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಎರಡು ಕಡೆ ಬಾಳೆಕಂದು ಕಟ್ಟಿದ್ದೆವು. ಆದರೆ ಆ ವರ್ಷ ಶಿವಣ್ಣನವರ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ. ಹಿಂದೆ ಒಂದು ಸಲ ಮಾಲು ತಡವಾಗಿದ್ದಕ್ಕೆ ಆ ಕಂಪನಿಯವರು ಕಟ್ಟುನಿಟ್ಟಾಗಿ ಹೇಳಿದ್ದರು: ಹಬ್ಬದ ರಜೆಗೆ ಮೊದಲು ಈ ಮಾಲು ಒಳಗೆ ಬರದಿದ್ದರೆ ಆರ್ಡರ್ ಬೇರೆಯವರಿಗೆ. ಆಯುಧಪೂಜೆಯ ದಿನ ಸಂಜೆ ನಾಲ್ಕಕ್ಕೇ ಗೇಟು ಮುಚ್ಚುತ್ತದೆ. ಆರ್ಡರ್ ಹೋದರೆ ಶೆಡ್ಡಿನ ಅರ್ಧ ಯಂತ್ರಗಳು ಮುಂದಿನ ಹಬ್ಬದವರೆಗೆ ಹೂವಿನ ಹಾರ ಹಾಕಿಕೊಂಡೇ ಕೂರಬೇಕಾಗುತ್ತಿತ್ತು. ಅಂಥದ್ದರಲ್ಲಿ ಟೆಂಪೋಗೂ ಪೂಜೆಯಾಗದೆ ಅದು ಕದಲುವಂತಿಲ್ಲ ಎಂದು ದೊಡ್ಡಮ್ಮ ಹಟ ಹಿಡಿದರು. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು ಅದನ್ನು ಕಳಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಆಮೇಲೆ ಒಳಗಿನ ಪೂಜೆ. ಒಂದೊಂದೇ ಯಂತ್ರಕ್ಕೆ ಪೂಜೆ ಮುಗಿಸಿ ದೇವಿಯ ಮುಂದೆ ಬರುವಷ್ಟರಲ್ಲಿ ಮೂರು ದಾಟಿತ್ತು. ಪ್ರತಿಯೊಬ್ಬರೂ ತಮ್ಮ ಕೆಲಸದ ಆಯುಧವನ್ನು ದೇವಿಯ ಮುಂದೆ ಇಡಬೇಕು. ಮಲ್ಲಪ್ಪ ಸ್ಪ್ಯಾನರ್ ಇಟ್ಟ. ನಾನು ಪ್ರತಿವರ್ಷ ಅಳತೆ ಪಟ್ಟಿ ಇಡುತ್ತಿದ್ದೆ. ಆ ವರ್ಷ, ಈ ಕಾಲದಲ್ಲಿ ನಮ್ಮಂಥವರ ಆಯುಧ ಇದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಫೋನಿಟ್ಟೆ. ದೊಡ್ಡಮ್ಮ ಅದಕ್ಕೆ ಅರಿಸಿನ ಕುಂಕುಮ ಇಡಲು ಜಾಗ ಹುಡುಕಿದರು. ಫೋನಿನ ಮೇಲೆ ಗುಂಡಗೆ, ಹಣೆಯ ಹಾಗೆ ಇದ್ದದ್ದು ಆ ಗುಂಡಿ ಒಂದೇ. ಅದರ ಮೇಲೆ ಗಂಧ, ಗಂಧದ ಮೇಲೆ ಅರಿಸಿನ, ಅರಿಸಿನದ ಮೇಲೆ ಕುಂಕುಮ, ಅದರ ಮೇಲೊಂದು ಎಸಳು ಸೇವಂತಿಗೆ.

ಘಂಟೆಯ ಸದ್ದಿನ ನಡುವೆ ಫೋನು ಗುರ್ರ್ ಎಂದು ದೇವಿಯ ಪಾದದಲ್ಲಿ ನಡುಗಿತು. ಸಂಖ್ಯೆ ಬಂದಿತ್ತು! ಅದೇ ಹೊತ್ತಿಗೆ ಟೆಂಪೋ ಚಾಲಕ ಶಿವಣ್ಣನವರಿಗೆ ಫೋನು ಮಾಡಿ, ಗೇಟಿನವರು ಬಾಗಿಲು ಎಳೆಯಲು ಎದ್ದು ನಿಂತಿದ್ದಾರೆ, ಬೇಗ ನಂಬರ್ ಹೇಳಿ ಎಂದ. ಮಂಗಳಾರತಿಯಾಗದೆ ಪೂಜೆಗಿಟ್ಟಿದ್ದನ್ನು ತೆಗೆಯುವಂತಿಲ್ಲ ಎಂದು ದೊಡ್ಡಮ್ಮ ಕಣ್ಣಿನಲ್ಲೇ ತಡೆದರು. ಶಿವಣ್ಣ ನೇರ ಗೇಟ್ ಆಫೀಸಿಗೆ ಫೋನು ಮಾಡಿದರು. ಮಾತು ಮುಗಿಸಿ ನನ್ನತ್ತ ತಿರುಗಿದಾಗ ಅವರ ಮುಖ ಪ್ರೆಸ್ಸಿನ ಕೆಳಗೆ ಸಿಕ್ಕ ತಗಡಿನಂತಿತ್ತು.

"ನಾನು ಶಿವಣ್ಣ ಅಂದ್ರೆ, ಹಿಂಗೇ ಯಾರೋ ಒಬ್ಬ ಕಳ್ಳ ಫೋನ್ ಮಾಡ್ತಾನೆ ಅಂತ ಗುರುಮೂರ್ತಿಗಳು ಮೊದ್ಲೇ ಹೇಳಿದಾರೆ ಅಂತಾನಲ್ರೀ ಅವ್ನು."

ಗುರುಮೂರ್ತಿ ಎಂದರೆ ನಾನೇ.

ದೊಡ್ಡಮ್ಮನಿಗೂ ಪರಿಸ್ಥಿತಿಯ ಬಿಸಿ ತಟ್ಟಿತು. ಮಂಗಳಾರತಿಯನ್ನು ಬೇಗ ಮುಗಿಸಿ, "ತಕಳಪ್ಪಾ, ತೆಗೆದು ಯೋಳು," ಎಂದು ಫೋನನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಇಡೀ ಶೆಡ್ಡು ನನ್ನ ಸುತ್ತ ನಿಂತಿತು. ನಾನು ಅಭ್ಯಾಸ ಬಲದಿಂದ ಟಾಯ್ಲೆಟ್ಟಿನತ್ತ ಹೆಜ್ಜೆ ಹಾಕಿದೆ.

"ಏಯ್, ಎಲ್ಲಿಗ್ ಒಂಟೆ? ಪೂಜೆ ಮಾಡಿದ್ದ ಕಕ್ಕಸಿಗ್ ತಕಂಡ್ ಓಯ್ತೀಯಾ?" ಎಂದು ದೊಡ್ಡಮ್ಮ ಗದರಿದರು.

ನಿಂತೆ. ಬೆರಳಿನ ಬದಲು ಒತ್ತಬಹುದಾದ ಅಂಕಿಗಳೂ ಇದ್ದವು, ನಿಜ. ಸುಲಭವಾಗಿ ನೆನಪಿರುವ ಅಂಕಿ ಇಡಬಾರದು, ಆಗಾಗ ಬದಲಿಸುತ್ತಿರಬೇಕು ಎಂದು ಪತ್ರಿಕೆಯಲ್ಲಿ ಓದಿದ್ದೆ. ಹಾಗಾಗಿ ಆಗಾಗ ಬದಲಿಸುತ್ತಾ, ನೆನಪೇ ಇರದ ಅಂಕಿ ಇಟ್ಟಿದ್ದೆ. ಹೊಳೆದದ್ದನ್ನೆಲ್ಲ ಒತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಫೋನು ಶಾಂತವಾಗಿ ಹೇಳಿತು. ಶಿವಣ್ಣ ಶಾಂತವಾಗಿರಲಿಲ್ಲ. ಬೆರಳಿಟ್ಟು ತೆಗೆಯೋ ಫೋನು ಅಂತಿದ್ದಿರಲ್ಲ, ಇಡ್ರೀ ಬೆರಳು ಎಂದರು. ನನ್ನ ಹತ್ತೂ ಬೆರಳು ನೋಡಿಕೊಂಡೆ. ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ.

"ಅದು... ಕೈಬೆರಳಲ್ಲ ಸಾರ್," ಎಂದೆ.

ಎಲ್ಲರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ಅವರ ಕಲ್ಪನೆ ಇನ್ನೂ ಎಲ್ಲೆಲ್ಲಿಗೋ ಹೋಗುವ ಮೊದಲೇ ನಾನು ಎಡಗಾಲು ಮುಂದೆ ಚಾಚಿದೆ. ಮಲ್ಲಪ್ಪ ಕಾಲು ನೋಡಿದ, ಫೋನು ನೋಡಿದ, ಟಾಯ್ಲೆಟ್ಟಿನ ಬಾಗಿಲು ನೋಡಿದ. "ಹಂಗಾರ ನನ್ನ ಅಜವಾನ ಸುಮ್ಮನ ಹಾಳಾತೇನ್ರಿ?" ಎಂದ.

ಇನ್ನು ಮುಚ್ಚಿಡುವುದೇನು? ಗುಂಡಿಯ ಮೇಲಿನ ಗಂಧ ಕುಂಕುಮವನ್ನು ಒರೆಸಿದೆ. ಒಂಟಿ ಕಾಲಿನಲ್ಲಿ ನಿಂತು ಹೆಬ್ಬೆರಳಿಟ್ಟೆ. ಗುರುತು ಸಿಗಲಿಲ್ಲ ಎಂದಿತು ಫೋನು. ಸಿಗುವುದಾದರೂ ಹೇಗೆ? ಟೆಂಪೋ ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳವನ್ನು ಪೂಜೆಯ ಬರಿಗಾಲಿನಲ್ಲಿ ತುಳಿದು ಬಂದಿದ್ದೆ. ಬೆರಳು ಕುಂಕುಮದಲ್ಲಿ ಕೆಂಪಾಗಿ, ಕುಂಬಳದ ತಿರುಳಿನಲ್ಲಿ ಲೋಳೆಯಾಗಿತ್ತು. ಹೊಸ ಬಿಳಿ ಪಂಚೆಗೆ ಒರೆಸಿಕೊಂಡೆ. ಪಂಚೆಯ ಕೆಂಪು ಕಂಡು ಯಾರೋ ರಕ್ತ ರಕ್ತ ಎಂದರು. ಗಾಬರಿಯಲ್ಲಿ ನಾನು ಆಧಾರಕ್ಕೆಂದು ಬಾಳೆಕಂದು ಹಿಡಿದೆ. ಅದಕ್ಕೇ ಆಧಾರವಿರಲಿಲ್ಲ. ಬಾಳೆಕಂದು, ಹೂವಿನ ಹಾರ, ನಾನು, ಮೂವರೂ ಒಟ್ಟಿಗೆ ಕಡಲೆಪುರಿಯ ರಾಶಿಯ ಮೇಲೆ ಕೂತೆವು. ಹಾರ ನನ್ನ ಕೊರಳಿಗೇ ಬಿದ್ದಿತ್ತು.

"ಗೇಟ್ ಎಳೀತಾ ಅವ್ರೆ ಸಾರ್," ಎಂದು ಸ್ಪೀಕರಿಗೆ ಹಾಕಿದ್ದ ಶಿವಣ್ಣನವರ ಫೋನಿನಿಂದ ಮತ್ತೆ ಚಾಲಕನ ದನಿ ಬಂತು.

ಆಗ ದೊಡ್ಡಮ್ಮ ಅಧಿಕಾರ ವಹಿಸಿಕೊಂಡರು. "ಮಲ್ಲಪ್ಪಾ, ಆ ಚೆಂಬಲ್ಲಿ ನೀರ್ ಉಯ್ದು ಆ ಕಾಲ್ನ ಗಟ್ಟಿಯಾಗ್ ಇಡ್ಕೊ. ಸಿವಾ, ನೀನ್ ಪೋನ್ ತಕಂಡ್ ಕೂತ್ಕೊ."

ಮಲ್ಲಪ್ಪ ಪೂಜೆಯ ಚೆಂಬಿನಿಂದ ನನ್ನ ಪಾದ ತೊಳೆದು, ಹೆಗಲ ವಸ್ತ್ರದಿಂದ ಒರೆಸಿ, ಎತ್ತಿ ಹಿಡಿದ. ನನಗೆ ಸಂಬಳ ಕೊಡುವ ಮಾಲೀಕರು ನನ್ನ ಕಾಲ ಬಳಿ ಮಂಡಿಯೂರಿ, ಎರಡೂ ಕೈಯಲ್ಲಿ ಫೋನು ಹಿಡಿದು, ತಲೆ ಬಗ್ಗಿಸಿ ನನ್ನ ಹೆಬ್ಬೆರಳಿಗೆ ಮುಟ್ಟಿಸಿದರು. ಫೋನು ತೆರೆದುಕೊಂಡಿತು! ಯಾರಿಗೂ ತಿಳಿಯಬಾರದೆಂದು ನಾನು ಕಾಪಾಡಿದ್ದ ಸಂಖ್ಯೆಯನ್ನು ಶಿವಣ್ಣ ಪಕ್ಕದ ಶೆಡ್ಡಿಗೂ ಕೇಳುವಂತೆ ಕೂಗಿ ಹೇಳಿದರು. "ಒಳಗ್ ಬಂದೆ ಸಾರ್" ಎಂದು ಆ ಕಡೆಯಿಂದ ಬಂದಾಗ ಶಿವಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆರ್ಡರ್ ಉಳಿಯಿತು.

ನಾನು ಕಣ್ಣಿಗೊತ್ತಿಕೊಳ್ಳಲು ಫೋನು ಈಸಿಕೊಳ್ಳಹೋದೆ. ದೊಡ್ಡಮ್ಮ ಕೊಡಲಿಲ್ಲ. ಅದಕ್ಕೆ ಇನ್ನೊಂದು ಸಲ ಅರಿಸಿನದ ನೀರು ಚಿಮುಕಿಸಿ, ಇನ್ನೊಂದು ಸಲ ಆರತಿ ಎತ್ತಿ, ತೀರ್ಪು ಕೊಟ್ಟರು.

"ಇನ್‌ಮ್ಯಾಕೆ ಆ ನಂಬ್ರು ನನ್ ಪೋನಿಗ್ ಬರ್ಲಿ ಕಣ್ಲಾ ಸಿವಾ. ನಂದ್ಕೆ ಬೀಗವೇ ಇಲ್ಲ."

ಲಗ್ಗೆರೆಯ ಬಸ್ಸಿನಲ್ಲಿ ಕೂತ ತಕ್ಷಣ ಆ ಮರೆತ ಅಂಕಿಗಳು ತಾವಾಗಿಯೇ ನೆನಪಾದವು, ಊಟ ಮುಗಿದಮೇಲೆ ಬರುವ ನೆಂಟರ ಹಾಗೆ. ಅಲ್ಲಿಯೇ ಹೆಬ್ಬೆರಳನ್ನು, ಈ ಸಲ ಕೈಯದನ್ನು, ಫೋನಿಗೆ ಒಪ್ಪಿಸಿದೆ. ಅಷ್ಟರಲ್ಲಿ ಮಲ್ಲಪ್ಪ ಒಂದು ವಿಡಿಯೋ ಕಳಿಸಿದ್ದ. ಪೂಜೆಯನ್ನು ಚಿತ್ರೀಕರಿಸುತ್ತಿದ್ದ ಯಾರೋ ಕೈ ನಿಲ್ಲಿಸಿರಲಿಲ್ಲ. ಕೊರಳಲ್ಲಿ ಚೆಂಡುಹೂವಿನ ಹಾರ ಧರಿಸಿ ಕಡಲೆಪುರಿಯ ಮೇಲೆ ಆಸೀನನಾದ ನಾನು, ನನ್ನ ಪಾದ ತೊಳೆಯುತ್ತಿರುವ ಮಲ್ಲಪ್ಪ, ಅದರ ಮುಂದೆ ತಲೆಬಾಗಿದ ಮಾಲೀಕರು, ಹಿಂದೆ ಆರತಿ ತಟ್ಟೆ ಹಿಡಿದ ದೊಡ್ಡಮ್ಮ. ಗೊತ್ತಿಲ್ಲದವರು ನೋಡಿದರೆ ಯಾವುದೋ ಹೊಸ ಮಠ ಶುರುವಾಗಿದೆ ಎಂದುಕೊಳ್ಳಬೇಕು.

ಮನೆಯಲ್ಲಿ ಪೂಜೆ ಚೆನ್ನಾಗಿ ಆಯಿತು ಎಂದಷ್ಟೇ ಹೇಳಿದೆ. ನಾನು ಫೋನನ್ನು ಕೈಬೆರಳಿನಿಂದಲೇ ತೆರೆದದ್ದನ್ನೂ ಪಂಚೆಯನ್ನು ನಾನೇ ಒಗೆಯಲು ಹಾಕಿದ್ದನ್ನೂ ಶಾರದೆ ನೋಡಿದಳು, ಏನೂ ಕೇಳಲಿಲ್ಲ. ನನ್ನ ಜಾಗರೂಕತೆಗೆ ಕೊನೆಗೂ ಜಯ ಸಿಕ್ಕಿತು ಎಂದುಕೊಂಡೆ.

ಮಾರನೆಯ ದಿನ ವಿಜಯದಶಮಿ. ಹೋಳಿಗೆ ಊಟ ಮಾಡಿ ಮಧ್ಯಾಹ್ನ ಹಾಗೇ ಅಡ್ಡಾದೆ. ಯಾರೋ ನನ್ನ ಕೈ ಹಿಡಿದಂತಾಗಿ ಕಣ್ಣು ಬಿಟ್ಟೆ. ಶಾರದೆ ಪಕ್ಕದಲ್ಲಿ ಕೂತು ನನ್ನ ಬಲಗೈ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ ಫೋನಿಗೆ ಒತ್ತುತ್ತಿದ್ದಳು. ಪತ್ರಿಕೆಯಲ್ಲಿ ಬಂದದ್ದು ಅಕ್ಷರಶಃ ನಿಜವಾಗಿತ್ತು!

"ದೊಡ್ಡಮ್ಮ ಬೆಳಗ್ಗೆನೇ ಫೋನ್ ಮಾಡಿದ್ರು," ಎಂದಳು ನಗು ತಡೆಯುತ್ತಾ. "ನೀವು ಮಲಗಿ. ಆ ವಿಡಿಯೋನ ನಮ್ಮಕ್ಕನಿಗೆ ಕಳಿಸಿ ಫೋನ್ ಕೊಟ್ಬಿಡ್ತೀನಿ."

ನನ್ನ ಫೋನಿನಲ್ಲಿ ಕದಿಯುವಂಥದ್ದೂ ಒಂದು ಕೊನೆಗೆ ಬಂದು ಸೇರಿತ್ತು. ಅದರಲ್ಲಿದ್ದದ್ದು ನಾನೇ.