ಆಮ್ಲಜನಕಮಾಪಕ ವಿಜಯ

ಚರಾಚರಗಳ ಮೂಗಿನಲ್ಲಿ ಕರೆಯದೆ ಹೊಕ್ಕು, ಹೇಳದೆ ಹೊರಡುವ ಓ ಪ್ರಾಣವಾಯುವೇ, ಈ ಕಥೆ ಮುಗಿಯುವ ತನಕವಾದರೂ ನಮ್ಮಲ್ಲಿ ಆಡುತ್ತಿರು. ಕೃತ ತ್ರೇತ ದ್ವಾಪರಗಳು ಕಳೆದು, ಕರಿದ ಅವಲಕ್ಕಿಯ ಚೂಡಾವನ್ನು ಪೊಟ್ಟಣ ಕಟ್ಟಿ ಮಾರುವ ಯುಗವು ಒದಗಿರಲು, ಪ್ರಚಂಡಮಾರ್ತಾಂಡಕಿರಣದಗ್ಧವಾದ ಕಲಬುರಗಿ ಸೀಮೆಯಲ್ಲಿ ಒಂದು ಚೂಡಾ ಕಾರ್ಖಾನೆಯಿತ್ತು. ಅಲ್ಲಿ ಕುದಿಯುವ ಎಣ್ಣೆಕೊಪ್ಪರಿಗೆಗಳಿಂದಾಚೆ ಒಂದು ಕೋಣೆ. ಆ ಕೋಣೆಯಲ್ಲಿ ಇಡೀ ಕಾರ್ಖಾನೆಗೆ ಏಕೈಕವಾದ ಏಸಿ. ಏಸಿಯ ಹಿಮವತ್ಪರ್ವತಸಮಾನ ತಂಪಿನಲ್ಲಿ ಆಮ್ಲಜನಕಮಾಪಕವೆಂಬ ಯಂತ್ರರಾಜನು ಮಂಡಿಸಿದ್ದನು. ಪೊಟ್ಟಣಕ್ಕೆ ತುಂಬುವ ಸಾರಜನಕದೊಳಗೆ ಆಮ್ಲಜನಕವು ಕಳ್ಳನಂತೆ ನುಸುಳಿ ಚೂಡಾ ಕಮಟಾಗದಂತೆ ಕಾಯುವುದು ಅವನ ಧರ್ಮ. ಅವನನ್ನು ಕಾಯುವುದು ಸ್ಕ್ರೂಡ್ರೈವರ್‌ಖಡ್ಗಧಾರಿಣಿಯೂ ಸಾರಜನಕಕುಂಭಾಧೀಶ್ವರಿಯೂ ಸಕಲಾಂಕಿದೋಷವಿದಾರಿಣಿಯೂ ಆದ ನೀಲಾಂಬಿಕಾ ಹೂಗಾರಳ ಧರ್ಮ.

ಅಂದು ಅಮಾವಾಸ್ಯೆ. ಬೆಳಿಗ್ಗೆಯೇ ಮಾಪಕಕ್ಕೆ ಮದವೇರಿತು. ಭೂಮಂಡಲದ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತು ಪಾಯಿಂಟ್ ಒಂಬತ್ತು ಪಾಲು ಆಮ್ಲಜನಕವಿರಲು, ಅದೇ ಗಾಳಿಯನ್ನು ಕುಡಿದು ಅದು ಇಪ್ಪತ್ತಮೂರೆಂದಿತು, ಇಪ್ಪತ್ತನಾಲ್ಕೆಂದಿತು. ನೀಲಾಂಬಿಕೆ ಪ್ಯಾಕಿಂಗ್ ನಿಲ್ಲಿಸಿದಳು. ಮ್ಯಾನೇಜರು ಆಜ್ಞೆ ಕಳಿಸಿದರು: ಮಧ್ಯಾಹ್ನದ ಊಟದ ಹೊತ್ತಿನೊಳಗೆ ಯಂತ್ರ ಸರಿಯಾಗದಿದ್ದರೆ ಅದೂ ಅವಳೂ ಕೊಪ್ಪರಿಗೆಯ ಪಕ್ಕಕ್ಕೆ, ಏಸಿಕೋಣೆ ಪ್ಯಾಕಿಂಗ್ ಮೇಸ್ತ್ರಿಗೆ.

ಹಿಂದಿನ ಬೇಸಿಗೆಯನ್ನು ಅವಳು ಆ ಕೊಪ್ಪರಿಗೆಯ ಪಕ್ಕದಲ್ಲೇ ಕಳೆದಿದ್ದಳು. ಎಷ್ಟು ಒಗೆದರೂ ಸೀರೆಯಿಂದ ಎಣ್ಣೆಯ ನಾತ ಹೋಗಿರಲಿಲ್ಲ.

ಆಗ ವಿಪುಲೋದರನೂ ಗುಡುಗುಕಂಠನೂ ಸ್ವೇದಜಲಧಾರಾಭಿಷಿಕ್ತನೂ ಆದ ಮೇಸ್ತ್ರಿ ರೇವಣಸಿದ್ದಪ್ಪ ಮಾಲಿಪಾಟೀಲನು ಬಾಗಿಲು ತುಂಬಿ ನಿಂತು ಗರ್ಜಿಸಿದನು:

“ಏನವ್ವಾ ನೀಲಾಂಬಿಕಾ, ಗಂಟು ಕಟ್ಟೀದೇನು? ಕೊಪ್ಪರಿಗಿ ಬಾಜೂ ನಿನಗ ಜಾಗಾ ಹಸನ ಮಾಡಿಸೀನಿ. ಇಲ್ಲಿ ನಾ ಕುಂತ್ರ ಮಷೀನೇ ಬ್ಯಾಡ. ಬರೇ ಮೂಸಿ ಹೇಳ್ತೀನಿ, ಗ್ಯಾಸ್ ಚೊಲೊ ಅದನೋ ಇಲ್ಲೋ!”

“ನೈಟ್ರೋಜನ್ನಿಗೆ ವಾಸನಿ ಇರಂಗಿಲ್ರೀ ಮಾಲಿಪಾಟೀಲರ. ನಿಮ್ಮ ಅಂಗಿಗದ. ಜರಾ ಆಚೀ ನಿಂದರ್ರಿ, ಮಷೀನ್ ಎಚ್ಚರ ತಪ್ಪೀತು.”

ಕೆಲಸವಿಲ್ಲದೆ ಬಾಗಿಲಲ್ಲಿ ನೆರೆದಿದ್ದ ಪ್ಯಾಕಿಂಗ್ ಹೆಂಗಸರ ಮುಂದಾಳು ಮಸ್ತಾನಬಿ ಇಬ್ಬರನ್ನೂ ಹರಸಿದಳು: “ಸಾವಕಾಶ ಜಗಳಾಡ್ರಿ, ಗಡಿಬಿಡಿ ಇಲ್ಲ. ಬಾಗಿಲಾ ಮಾತ್ರ ಹಾಕಬ್ಯಾಡ್ರಿ. ತಂಪ ಗಾಳಿ ಬರ್ಲಿಕತ್ತದ.”

ಸಮರ ಮೊದಲಾಯಿತು. ನೀಲಾಂಬಿಕೆಯು ಶುದ್ಧ ಸಾರಜನಕದ ಸಿಲಿಂಡರಿನ ಕವಾಟವನ್ನು ತಿರುಹಲು, ಅಂಕಿಗಳು ಸೇನಾಪತಿ ಬಿದ್ದ ಸೈನ್ಯದಂತೆ ಇಳಿದಿಳಿದು ಸೊನ್ನೆಯಲ್ಲಿ ಶರಣಾದವು. ಶೂನ್ಯದುರ್ಗವು ವಶವಾಯಿತು. ಇನ್ನುಳಿದದ್ದು ವಾಯುದುರ್ಗ. ಸಾರಜನಕವನ್ನು ನಿಲ್ಲಿಸಿ, ಪುಟ್ಟ ಪಂಪಿನಿಂದ ಕೋಣೆಯ ಗಾಳಿಯನ್ನೇ ಯಂತ್ರದೊಳಗೆ ಹರಿಸಿದಳು. ಅಂಕಿ ಏರಿತು, ಇಪ್ಪತ್ತು ಪಾಯಿಂಟ್ ಒಂಬತ್ತನ್ನು ಕಡೆಗಣ್ಣಲ್ಲೂ ನೋಡದೆ ದಾಟಿತು. ಅವಳು ಸ್ಕ್ರೂ ತಿರುವಿ ಎಳೆದು ತಂದಳು. ಅದು ಮತ್ತೆ ಏರಿತು. ಮತ್ತೆ ತಂದಳು. ಮತ್ತೆ ಏರಿತು. ಅಷ್ಟು ತಂಪಿನಲ್ಲೂ ಅವಳ ಕುತ್ತಿಗೆಯಲ್ಲಿ ಬೆವರೊಡೆಯಿತು.

ವೈರಿಯ ಕಂಗೆಟ್ಟ ಮುಖವನ್ನು ಕಂಡು ಮಾಲಿಪಾಟೀಲನು ಎದೆ ತಟ್ಟಿಕೊಂಡನು. “ನಿನ್ನ ಕೈಗುಣಾನೇ ಸರಿ ಇಲ್ಲ! ಇವತ್ತ ಅಮಾಸಿ, ನಸುಕಿನ್ಯಾಗ ಎದ್ದು ಎಲ್ಲಾ ಮಷೀನಿಗೂ ಪೂಜಾ ಮಾಡಿದಾಂವ ಯಾರು? ನಾನು! ವೈರಿ ಅಂತ ನಿನ್ನ ಈ ಡಬ್ಬಿನ್ನ ಸುದ್ದಾ ಬಿಟ್ಟಿಲ್ಲ. ಅದರ ಹಣಿಗೆ ಕುಂಕುಮ ಕಲಸಿ, ಒತ್ತಿ ಒತ್ತಿ ತುಂಬೀನಿ!”

ನೀಲಾಂಬಿಕೆ ಸ್ಕ್ರೂಡ್ರೈವರ್ ಕೆಳಗಿಟ್ಟಳು.

“ತುಂಬೀರಿ? ಎದರಾಗ?”

“ಇದರ ಮಗ್ಗಲಕ ದುಂಡನ ತೂತ ಅದಲ್ಲ, ಅದರಾಗ. ಕುಂಕುಮಕ್ಕಂತ್ಲೇ ಮಾಡಿದಂಗದ.”

“ಅದು ಹಣಿ ಅಲ್ರೀ ಯಪ್ಪಾ, ಮೂಗು! ಉಸಿರು ಬಿಡೋ ದಾರಿ!”

ಒಳಹೊಕ್ಕ ಗಾಳಿ ಸರಾಗವಾಗಿ ಹೊರಬರಲಾರದೆ ಯಂತ್ರದ ಎದೆಯಲ್ಲಿ ಒತ್ತೊತ್ತಾಗಿ ತುಂಬಿ, ಒತ್ತಡ ಏರಿದಂತೆ ಅಂಕಿಯೂ ಏರುತ್ತಿತ್ತು. ವೀರಾಂಗನೆಯು ಕೇಶಪಾಶದೊಳಗಿಂದ ಹೇರ್‌ಪಿನ್ನೆಂಬ ಮಹಾಸ್ತ್ರವನ್ನು ಸೆಳೆದು ನಾಸಿಕಾರಂಧ್ರದಲ್ಲಿ ಪ್ರಯೋಗಿಸಲು, ರಕ್ತವರ್ಣದ ಹೆಂಟೆಗಳು ಉದುರಿದವು. ಯಂತ್ರವು ಬಹುಕಾಲ ಮೂರ್ಛೆಹೋಗಿದ್ದ ಯೋಧನಂತೆ ಬುಸ್ಸೆಂದು ಉಸಿರುಬಿಟ್ಟು, ಮಸ್ತಾನಬಿಯ ಮುಖಕ್ಕೆ ಕುಂಕುಮ ಎರಚಿತು. ನೀಲಾಂಬಿಕೆ ಸ್ಕ್ರೂವನ್ನು ಕೊನೆಯ ಸಲ ತುಸುವೇ ತಿರುವಿದಳು. ಇಪ್ಪತ್ತು ಪಾಯಿಂಟ್ ಒಂಬತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಅಂಕಿ ಅಲುಗಲಿಲ್ಲ.

“ಈಗ ಏನಂತದ ಅದು?” ಮುಖ ಒರೆಸಿಕೊಳ್ಳುತ್ತ ಮಸ್ತಾನಬಿ ಕೇಳಿದಳು.

“ಈ ಕೋಣ್ಯಾಗ ಗಾಳಿ ಅದ ಅಂತದ.”

“ಅಷ್ಟೇ? ನನ್ನ ಕೇಳಿದ್ರ ಮುಂಜಾನಿನೇ ಹೇಳ್ತಿದ್ದೆ.”

ಹೆಂಗಸರು ನಗುತ್ತ ಪ್ಯಾಕಿಂಗಿಗೆ ಹೊರಟರು. ಭಗ್ನಮನೋರಥನಾದ ಮಾಲಿಪಾಟೀಲನು ಮಾತ್ರ ಕದಲಲಿಲ್ಲ. ಗೆದ್ದೇ ಗೆಲ್ಲುವೆನೆಂಬ ಭರವಸೆಯಿಂದ ಬರುವಾಗಲೇ ಮೂಲೆಯಲ್ಲಿ ತಂದಿಟ್ಟಿದ್ದ ಸ್ಟೀಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಇಳಿದ ದನಿಯಲ್ಲಿ ಬಿನ್ನವಿಸಿದನು:

“ತಂಗೀ, ಈ ಮಸರಾದ್ರೂ ಇಲ್ಲೇ ಇರ್ಲೇನು? ಹೊರಗ ಹುಳಿ ಆಗ್ತದ.”

ಸಮಸ್ತ ಶೀತಮಂದಿರದ ನಿಷ್ಕಂಟಕ ಒಡತಿಯು ಕ್ಷಣಕಾಲ ರಾಜನೀತಿಯನ್ನು ಆಲೋಚಿಸಿ, ಡಬ್ಬಿಯನ್ನು ಈಸಿಕೊಂಡು ಮೇಜಿನ ಕೆಳಗಿಟ್ಟಳು.

“ಮಸರು ಇರ್ಲಿ. ನೀವು ನಡೀರಿ.”