ಹನ್ನೆರಡು ಪೆಟ್ಟಿಗೆ, ಮೂರು ಕಾಲೇಜು

ಜ್ಞಾನತುಂಗ ತಾಂತ್ರಿಕ ಮಹಾವಿದ್ಯಾಲಯವು ಮೊಬೈಲಿನ ನಕ್ಷೆಯ ಪ್ರಕಾರ ಎಲ್ಲಿ ಇರತಕ್ಕದ್ದೋ ಅಲ್ಲಿ ಮುಸುಕಿನ ಜೋಳ ಮೊಣಕಾಲುದ್ದ ಬೆಳೆದಿತ್ತು. ಜೋಳಕ್ಕೆ ಈ ವಿಷಯ ಯಾರೂ ತಿಳಿಸಿದಂತಿರಲಿಲ್ಲ.

ತ್ರಿಶಲಾ ಸ್ಕೂಟರನ್ನು ಬದುವಿನ ಪಕ್ಕ ನಿಲ್ಲಿಸಿ ಹೆಲ್ಮೆಟ್ಟು ತೆಗೆದಳು. ಹತ್ತೊಂಬತ್ತು ವರ್ಷದಿಂದ ವಿಮೆ ಪಾಲಿಸಿ ಮಾಡಿಸುತ್ತ ಅರಸೀಕೆರೆ, ಬೇಲೂರು, ಹಳೇಬೀಡು ಎಂದು ತಿರುಗಿದವಳು ಅವಳು. ಅರೇಹಳ್ಳಿಯ ತೋಟಗಳ ನಡುವೆ ನಾಯಿ ಬೊಗಳಿದ ದಿಕ್ಕು ಹಿಡಿದೇ ಮನೆ ಹುಡುಕುವವಳು; ಜಾವಗಲ್ಲಿನಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಕಂತು ತಪ್ಪಿಸಿದವರ ಬಾಗಿಲಿಗೇ ಹೋಗಿ ನಿಲ್ಲುವವಳು. ಅಂಥವಳಿಗೆ ದಾರಿ ತಪ್ಪಿದ್ದು ಇದೇ ಮೊದಲು. ಅದೂ ಮೂರು ಮಹಡಿಯ ಕಟ್ಟಡ ಹುಡುಕುವಾಗ.

ಸ್ಕೂಟರಿನ ಹಿಂದೆ ಕೂತಿದ್ದ ಮಗಳು ಸಿದ್ಧಿಗೆ ಎಲೆಕ್ಟ್ರಾನಿಕ್ಸ್ ಓದಬೇಕಿತ್ತು. ಸಿಇಟಿಯಲ್ಲಿ ಅವಳಿಗೆ ಬಂದ ರ‍್ಯಾಂಕನ್ನು ನೋಡಿ ಬೆಂಗಳೂರಿನ ಹೆಸರುವಾಸಿ ಕಾಲೇಜುಗಳು ಮುಖ ತಿರುಗಿಸಿದ್ದವು. ಉಳಿದದ್ದು ತುಂಗ ವಿದ್ಯಾಸಂಸ್ಥೆಯ ಮೂರು ಕಾಲೇಜುಗಳು. ಜಾವಗಲ್ ಕಡೆಯದು ಜ್ಞಾನತುಂಗ, ಬೇಲೂರು ಕಡೆಯದು ವಿದ್ಯಾತುಂಗ, ಅರಸೀಕೆರೆಯದು ಪ್ರಜ್ಞಾತುಂಗ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆಪ್ಷನ್ ಎಂಟ್ರಿ ಮುಗಿಯುತ್ತಿತ್ತು. ಅಷ್ಟರೊಳಗೆ ಯಾವುದನ್ನು ಮೊದಲು ಬರೆಯುವುದೆಂದು ತೀರ್ಮಾನವಾಗಬೇಕಿತ್ತು.

ತ್ರಿಶಲಾಳ ಗಂಡ ಪದ್ಮರಾಜನದು ಬಸದಿ ರಸ್ತೆಯಲ್ಲಿ ಪಾತ್ರೆ ಅಂಗಡಿ. ಅವನ ಅಳತೆಗೋಲು ಒಂದೇ: ಹಾಸ್ಟೆಲಿನಲ್ಲಿ ಸೂರ್ಯ ಮುಳುಗುವ ಮೊದಲು ಊಟ ಹಾಕುತ್ತಾರೋ ಇಲ್ಲವೋ. ಮೂರೂ ಕಾಲೇಜಿನವರು ಹಾಕುತ್ತೇವೆ ಎಂದಿದ್ದರು. ಯಾವ ದಿನದ ಸೂರ್ಯ ಎಂದು ಹೇಳಿರಲಿಲ್ಲ. ಸಿದ್ಧಿಯ ಅಳತೆಗೋಲೂ ಒಂದೇ. ಆಸಿಲೋಸ್ಕೋಪು ಎಂಬ, ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಪೆಟ್ಟಿಗೆಯನ್ನು ಕೈಯಿಂದ ಮುಟ್ಟಲು ಬಿಡುತ್ತಾರೋ ಇಲ್ಲವೋ. ಅಂಗಡಿಯ ಅಟ್ಟದಲ್ಲಿ ಹಳೇ ರೇಡಿಯೋ, ಸತ್ತ ಇನ್ವರ್ಟರು ಬಿಚ್ಚಿಕೊಂಡೇ ಬೆಳೆದ ಹುಡುಗಿ. ಬರೀ ನೋಡಿ ಕಲಿಯುವುದಾದರೆ ಮನೆಯಲ್ಲೇ ವೀಡಿಯೋ ನೋಡಿಕೊಂಡು ಇರುತ್ತೇನೆ, ಕಾಲೇಜೇ ಬೇಡ ಎಂದಿದ್ದಳು. ಅವಳು ತಮಾಷೆಗೆ ಏನನ್ನೂ ಹೇಳುವವಳಲ್ಲ ಎಂಬುದೇ ತ್ರಿಶಲಾಳ ಚಿಂತೆ.

ಜೋಳದ ನಡುವೆ ಕಳೆ ಕೀಳುತ್ತಿದ್ದ ಹುಚ್ಚಣ್ಣ ಎಂಬವನು ಎದ್ದು ಬಂದು, ಯಾರು ಏನು ಎಂದೆಲ್ಲ ವಿಚಾರಿಸಿಕೊಂಡ.

"ನಿಮಗೆ ಕಾಲೇಜು ಬೇಕಾ ಅಮ್ಮಾರೇ, ಕಾಲೇಜಿನ ಸಾಮಾನು ಬೇಕಾ?"

ಎರಡೂ ಒಂದೇ ಕಡೆ ಇರುವುದಿಲ್ಲವೇ ಎಂದು ತ್ರಿಶಲಾ ಕೇಳಿದಳು.

"ಅಪರೂಪಕ್ಕೆ ಇರ್ತವೆ. ಕಟ್ಟಡ ಬೇಕಂದ್ರೆ ಕೆರೆ ಏರಿ ಮೇಲೆ ಹೋಗಿ ಎಡಕ್ಕೆ ತಿರುಗಿ. ಸಾಮಾನು ಬೇಕಂದ್ರೆ ಇಲ್ಲೇ ನಿಂತ್ಕಳಿ. ಬೇಲೂರಿಂದ ಬತ್ತಾ ಐತೆ, ಲಾರಿ ಇದೇ ದಾರೀಲಿ ಹೋಗ್ತೈತೆ."

ಅವರು ಕಟ್ಟಡವನ್ನು ಆರಿಸಿಕೊಂಡರು. ಕಟ್ಟಡ ನಿಜಕ್ಕೂ ಇತ್ತು. ಹೆಬ್ಬಾಗಿಲ ಒಳಗೆ ಗಾಜಿನ ಚೌಕಟ್ಟಿನಲ್ಲಿ ಒಂದು ಪ್ರಕಟಣೆ ತೂಗುತ್ತಿತ್ತು:

"ಪ್ರಯೋಗಾಲಯವು ತಪಾಸಣೆಯ ದಿನಗಳಂದು ಮಾತ್ರ ಈ ಕಟ್ಟಡದಲ್ಲಿ ಇರತಕ್ಕದ್ದು. ಉಳಿದ ದಿನಗಳಲ್ಲಿ ವಿದ್ಯಾರ್ಥಿಗಳು ಪ್ರಯೋಗಾಲಯವನ್ನು ನೆನೆದುಕೊಂಡು ರೆಕಾರ್ಡ್ ಬರೆಯತಕ್ಕದ್ದು. ನೆನಪಾಗದವರು ದಂಡ ತೆರತಕ್ಕದ್ದು."

ಕಚೇರಿಯ ಅಧೀಕ್ಷಕ ನಂಜುಂಡಯ್ಯ ಬಹಳ ಸಂಭಾವಿತ ಮನುಷ್ಯ. ತಾಯಿ ಮಗಳನ್ನು ಕೂರಿಸಿ, ಕಾಫಿ ತರಿಸಿ, ಮುಚ್ಚುಮರೆ ಇಲ್ಲದೆ ಎಲ್ಲ ವಿವರಿಸಿದರು. ಸಂಸ್ಥೆಯ ಕೈಪಿಡಿಯಲ್ಲಿ ಮೂವತ್ತಾರು ಆಸಿಲೋಸ್ಕೋಪು ಎಂದು ಅಚ್ಚಾಗಿರುವುದು ಸುಳ್ಳಲ್ಲ. ಪೆಟ್ಟಿಗೆಗಳು ಹನ್ನೆರಡು, ಕಾಲೇಜುಗಳು ಮೂರು, ತಪಾಸಣಾ ಸಮಿತಿ ಯಾವ ಕಾಲೇಜಿಗೆ ಬಂದರೂ ಅಲ್ಲಿ ಹನ್ನೆರಡು ಸಿಗುತ್ತವೆ. ಹನ್ನೆರಡು ಮೂರ್ಲೆ ಮೂವತ್ತಾರು. ಸಂಸ್ಥೆಯ ಅಧ್ಯಕ್ಷ ಷಡಕ್ಷರಪ್ಪನವರಿಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇರುವುದರಿಂದ ಸಾಗಣೆಗೆ ತೊಂದರೆಯಿಲ್ಲ. ಪೆಟ್ಟಿಗೆಗಳನ್ನು ಕೊಬ್ಬರಿ ಚೀಲದಲ್ಲಿ ಕಟ್ಟಿ, ಉಂಡೆ ಕೊಬ್ಬರಿ ಎರಡನೇ ದರ್ಜೆ ಎಂದು ಬರೆದು ಕಳಿಸುತ್ತಾರೆ. ಕೊಬ್ಬರಿ ರೇಟು ಏರಿದ ವಾರ ಲಾರಿ ಸಿಗುವುದಿಲ್ಲ. ಆ ವಾರ ಸಮಿತಿಯವರೂ ಬರುವುದಿಲ್ಲ. ಇದು ಲಿಖಿತ ನಿಯಮವಲ್ಲ, ಸೌಜನ್ಯ.

"ಹಾಗಾದ್ರೆ ಮೂರರಲ್ಲಿ ಯಾವ್ದು ಒಳ್ಳೇದು ಸಾರ್?" ಎಂದಳು ತ್ರಿಶಲಾ.

"ಲಾರಿ ನಿಂತಿರೋದು ಒಳ್ಳೇದು ಮೇಡಂ," ಎಂದರು ನಂಜುಂಡಯ್ಯ.

ಅಷ್ಟರಲ್ಲಿ ಲಾರಿ ಬಂತು. ಮಧ್ಯಾಹ್ನ ಎರಡಕ್ಕೆ ಸಮಿತಿ ಬರುವುದಿತ್ತು. ಚಾಲಕ ಉಮಾಶಂಕರ್ ಚೀಲಗಳನ್ನು ಇಳಿಸಿ, ಬಾಯಿ ಬಿಚ್ಚಿ, ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದ. ಕೋಣೆ ತುಂಬ ಕೊಬ್ಬರಿ ಘಮಲು. ಹನ್ನೆರಡರಲ್ಲಿ ಒಂದು ಮಾತ್ರ ಹೊತ್ತಿಕೊಂಡಿತು. ಉಳಿದ ಹನ್ನೊಂದರ ತಂತಿಗಳನ್ನು ಕೊಬ್ಬರಿಯೆಂದೇ ನಂಬಿ ಇಲಿ ತಿಂದಿದ್ದವು. ಮಂಡಿಯ ಇಲಿಗಳಿಗೆ ಎರಡನೇ ದರ್ಜೆ ಎಂದರೂ ಆಗುತ್ತಿತ್ತು.

ಸಿದ್ಧಿ ಆಗಲೇ ಮಂಡಿಯೂರಿ ಕೂತು ಒಂದು ಪೆಟ್ಟಿಗೆಯ ಬೆನ್ನು ನೋಡುತ್ತಿದ್ದಳು. ನಂಜುಂಡಯ್ಯ ಹದಿನಾಲ್ಕನೇ ನಿಯಮ ಓದಿ ಹೇಳಿದರು. ಉಪಕರಣಗಳನ್ನು ವಿದ್ಯಾರ್ಥಿಗಳು ನಾಲ್ಕು ವರ್ಷ ಮುಟ್ಟತಕ್ಕದ್ದಲ್ಲ. ಮುಟ್ಟಿದಂತೆ ದಾಖಲೆ ಇಡತಕ್ಕದ್ದು.

"ಇವಳಿನ್ನೂ ವಿದ್ಯಾರ್ಥಿ ಅಲ್ವಲ್ಲ ಸಾರ್," ಎಂದಳು ತ್ರಿಶಲಾ.

ನಂಜುಂಡಯ್ಯ ನಿಯಮವನ್ನು ಇನ್ನೊಮ್ಮೆ ಓದಿದರು. ಹೊರಗಿನವರು ಮುಟ್ಟಬಾರದು ಎಂದು ಎಲ್ಲೂ ಇರಲಿಲ್ಲ. ಆದರೂ ಸುಮ್ಮನೆ ಬಿಟ್ಟರೆ ಪೂರ್ವನಿದರ್ಶನವಾಗುತ್ತದೆ, ಪ್ರತಿಯಾಗಿ ಸಂಸ್ಥೆಗೆ ಏನಾದರೂ ಒಂದು ಸಲ್ಲಬೇಕು ಎಂದರು. ಮುಂದಿನ ತಿಂಗಳು ಬೇಲೂರಿನ ಕಾಲೇಜಿಗೆ ತಪಾಸಣೆಯಿದೆ. ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥರು ಅಂದು ತಂಗಿಯ ಮದುವೆಗೆ ಹೋಗುತ್ತಾರೆ. ಅರ್ಧ ದಿನಕ್ಕೆ ಯಾರಾದರೂ ಮುಖ್ಯಸ್ಥರು ಬೇಕು. ಮೇಡಂ ಅವರ ಮಾತು, ನಿಲುವು, ಕನ್ನಡಕ ಎಲ್ಲ ಒಪ್ಪುತ್ತದೆ. ತ್ರಿಶಲಾ ಮಗಳ ಕಡೆ ನೋಡಿದಳು. ಸಿದ್ಧಿಯ ಬಾಯಲ್ಲಿ ಸ್ಕ್ರೂಡ್ರೈವರ್ ಇತ್ತು. ತ್ರಿಶಲಾ ಆಗಲಿ ಎಂದಳು. ಅರ್ಧ ದಿನದ ಒಂದು ಋಣ ಅವಳ ತಲೆಯ ಮೇಲೆ ಕೂತಿತು.

ಉಮಾಶಂಕರ್ ಹುಡುಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಒಂಬತ್ತು ವರ್ಷದಿಂದ ಈ ಪೆಟ್ಟಿಗೆಗಳನ್ನು ಹತ್ತಿಸಿ ಇಳಿಸಿ, ದಾರಿಯಲ್ಲಿ ಕೆಟ್ಟದ್ದನ್ನು ಮರದಡಿ ಲಾರಿ ನಿಲ್ಲಿಸಿ ಸರಿಮಾಡಿ, ಮೂರು ಕಾಲೇಜುಗಳ ಪಠ್ಯಕ್ರಮವನ್ನು ಮುಗಿಸಿದ ಏಕೈಕ ವ್ಯಕ್ತಿ ಅವನು. ಮೊದಮೊದಲು ಅವನು ಬೆಸುಗೆ ಹಾಕಿದ, ಅವಳು ನೋಡಿದಳು. ಆಮೇಲೆ ಅವಳು ಹಾಕಿದಳು.

"ಅಲೆ ಅಲ್ಲಾಡ್ತಾ ಐತಲ್ಲ, ಅಲ್ಲಿ ನೋಡು. ಓಡೋ ಲಾರೀಲಿ ಬಸ್ಸು ಹಿಂದೆ ಹೋದಂಗೆ ಕಾಣ್ತದಲ್ಲ, ಅಂಗೆ. ಎರಡನ್ನೂ ಒಂದೇ ಸ್ಪೀಡಿಗೆ ತರಬೇಕು ಕಣಮ್ಮ, ಆಗ ನಿಂತ್ಕತದೆ."

ಸಿದ್ಧಿ ಗುಂಡಿ ತಿರುಗಿಸಿದಳು. ಹಸಿರು ಅಲೆ ನಿಂತಿತು. ಮಗಳ ಮುಖ ನೋಡಿ ತ್ರಿಶಲಾ ಕಿಟಕಿಯಾಚೆ ತಿರುಗಿಕೊಂಡಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಎರಡು ಗಂಟೆಗೆ ಸಮಿತಿ ಬಂದಾಗ ಹನ್ನೆರಡೂ ಪೆಟ್ಟಿಗೆ ಹೊತ್ತಿಕೊಂಡಿದ್ದವು. ಇದರಿಂದ ಗಾಬರಿಯಾಯಿತು. ಸಮಿತಿಯ ಅಧ್ಯಕ್ಷೆ ದ್ರಾಕ್ಷಾಯಣಿಯವರು ಈ ಪೆಟ್ಟಿಗೆಗಳ ಗೀರುಗಳನ್ನು ಮೂರೂ ಕಾಲೇಜುಗಳಲ್ಲಿ ನೋಡಿ, "ಗುಣಮಟ್ಟದಲ್ಲಿ ಏಕರೂಪತೆ" ಎಂದು ವರ್ಷವರ್ಷವೂ ಬರೆದವರು. ಹನ್ನೊಂದು ಕೆಟ್ಟಿರುವುದು ವಾಡಿಕೆ. ಅವರು ಕೂಡಲೇ ಟಿಪ್ಪಣಿ ಬರೆಸಿದರು: "ಪ್ರಯೋಗಾಲಯವು ಕೆಲಸ ಮಾಡುತ್ತಿರುವುದು ಕಂಡುಬಂದಿದ್ದು, ಈ ಬಗ್ಗೆ ಏಕೆ ಕಾರಣ ಕೇಳಬಾರದು ಎಂದು ತಿಳಿಸತಕ್ಕದ್ದು."

ನಂಜುಂಡಯ್ಯ ಬೆವರು ಒರೆಸಿಕೊಂಡರು. ಸಿದ್ಧಿ ಎದ್ದು ನಿಂತು, ನಾನು ಮತ್ತು ಉಮಾಶಂಕರಣ್ಣ ಸರಿಮಾಡಿದ್ದು ಎಂದಳು. ಅವರು ಇದನ್ನೆಲ್ಲ ಲಾರಿಯಲ್ಲೇ ಕಲಿತರಂತೆ, ನನಗೂ ಅಲ್ಲೇ ಕಲಿಯಬೇಕು ಎಂದಳು.

ಸಮಿತಿ ಒಳಗೆ ಬಾಗಿಲು ಹಾಕಿಕೊಂಡು ಚರ್ಚಿಸಿತು. ಕಲಿಕೆ ಎಲ್ಲಿ ನಡೆಯುತ್ತದೋ ಅದೇ ಕಾಲೇಜು ಎಂದು ನಿಯಮಾವಳಿಯ ಮೊದಲ ಪುಟದಲ್ಲಿತ್ತು. ಅದನ್ನು ಈವರೆಗೆ ಯಾರೂ ತಿರುವಿರಲಿಲ್ಲ. ಲಾರಿಯ ಕಾಗದಪತ್ರ ತರಿಸಿದರು. ಮೂರು ಕಾಲೇಜುಗಳ ಕಟ್ಟಡಗಳಿಗೂ ಸುಸ್ಥಿತಿ ಪ್ರಮಾಣಪತ್ರ ಒಂಬತ್ತು ವರ್ಷದಿಂದ ಬಾಕಿ. ಲಾರಿಗೆ ಮುಂದಿನ ಮಾರ್ಚಿನವರೆಗೆ ಎಫ್‌ಸಿ ಇತ್ತು. ಭೂ ವ್ಯಾಜ್ಯವಿರಲಿಲ್ಲ, ಭೂಮಿಯೇ ಇರಲಿಲ್ಲ. ಗ್ರಾಮೀಣ ಸಂಪರ್ಕ ಎಂಬ ಅಂಕಣದಲ್ಲಿ ಪೂರ್ತಿ ಅಂಕ. ಷಡಕ್ಷರಪ್ಪನವರು ಫೋನಿನಲ್ಲಿ ಕೇಳಿದ್ದು ಒಂದೇ: ಕಾಲೇಜಿನ ಮೇಲೆ ಕೊಬ್ಬರಿ ಹೇರಬಹುದೋ. "ಉದ್ಯಮದೊಂದಿಗೆ ಸಹಯೋಗ" ಎಂಬ ತಲೆಬರಹದಡಿ ಹೇರಬಹುದು ಎಂದು ಸಮಿತಿ ಒಪ್ಪಿತು. ಸಂಜೆ ಐದಕ್ಕೆ ಲಾರಿಗೆ ತಾತ್ಕಾಲಿಕ ಕಾಲೇಜು ಸಂಕೇತ ಸಿಕ್ಕಿತು. ಸೀಟು ಒಟ್ಟು ಆರು: ಕ್ಯಾಬಿನ್ನಿನಲ್ಲಿ ಎರಡು ಸರ್ಕಾರಿ ಕೋಟಾ, ಹಿಂದೆ ಮೂಟೆಗಳ ಮೇಲೆ ನಾಲ್ಕು ಆಡಳಿತ ಮಂಡಳಿ ಕೋಟಾ.

ಪದ್ಮರಾಜನಿಗೆ ಫೋನು ಹೋಯಿತು. ಅವನು ಎಲ್ಲ ಕೇಳಿಸಿಕೊಂಡು, ಊಟ ಎಷ್ಟು ಹೊತ್ತಿಗೆ ಕಣೇ ಎಂದ. ಉಮಾಶಂಕರ್ ಫೋನು ಇಸಿದುಕೊಂಡು, ಲಾರಿಯ ಹೆಡ್‌ಲೈಟು ಹೋಗಿ ನಾಲ್ಕು ವರ್ಷವಾಯಿತು, ಹೊತ್ತು ಮುಳುಗುವ ಮೊದಲೇ ಎಲ್ಲಾದರೂ ನಿಲ್ಲಿಸಿ ಉಂಡು ಮಲಗುತ್ತೇವೆ ಎಂದು ಭರವಸೆ ಕೊಟ್ಟ. ಹಾಗಾದರೆ ಅದನ್ನೇ ಮೊದಲು ಬರೆಯಿರಿ ಎಂದ ಪದ್ಮರಾಜ. ಸಿದ್ಧಿ ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಬರೆದಳು. ಎರಡನೇ ಆಯ್ಕೆ ಎಂಬ ಜಾಗ ಖಾಲಿ ಬಿಟ್ಟಳು.

ತಿಂಗಳ ಮೇಲೆ ಬೇಲೂರಿನ ವಿದ್ಯಾತುಂಗದಲ್ಲಿ ತಪಾಸಣೆ ನಡೆಯಿತು. ಪೆಟ್ಟಿಗೆಗಳನ್ನು ಇಳಿಸಿದವರು ಉಮಾಶಂಕರ್ ಮತ್ತು ಅವನ ಮೊದಲ ಸೆಮಿಸ್ಟರು. ತ್ರಿಶಲಾ ಇಳಕಲ್ ಸೀರೆ ಉಟ್ಟು, ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು ವಿಭಾಗ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂತಿದ್ದಳು. ದ್ರಾಕ್ಷಾಯಣಿಯವರು ಅವಳನ್ನು ಗುರುತು ಹಿಡಿದರು.

"ಹೋದ ಸಲ ನೀವು ಪೋಷಕರಾಗಿದ್ರಿ."

"ಬಡ್ತಿ ಆಯ್ತು ಮೇಡಂ."

ಅವರು ಅದನ್ನು ಬರೆದುಕೊಂಡರು. ಅಧ್ಯಾಪಕರ ಅನುಭವ ಎಂಬಲ್ಲಿ ತ್ರಿಶಲಾ ಹತ್ತೊಂಬತ್ತು ವರ್ಷ ಎಂದಳು, ಅದು ನಿಜವೇ ಆಗಿತ್ತು. ಎಲ್ಲ ಮುಗಿದ ಮೇಲೆ ದ್ರಾಕ್ಷಾಯಣಿಯವರು ಜೊತೆಯವರನ್ನು ಊಟಕ್ಕೆ ಕಳಿಸಿ, ಕುರ್ಚಿ ಹತ್ತಿರ ಎಳೆದುಕೊಂಡರು. ಅಣ್ಣನ ಮಗಳು ದಿವ್ಯಾಳಿಗೂ ಎಲೆಕ್ಟ್ರಾನಿಕ್ಸೇ ಬೇಕಂತೆ. ತಾವು ಇಪ್ಪತ್ತು ವರ್ಷದಿಂದ ಕಾಲೇಜುಗಳನ್ನು ನೋಡುತ್ತಿರುವುದರಿಂದ ತಮಗೇನೂ ಗೊತ್ತಾಗುವುದಿಲ್ಲ.

"ನಿಜ ಹೇಳಿ. ಎಲ್ಲಿಗೆ ಹಾಕ್ಲಿ?"

"ಕ್ಯಾಬಿನ್ ತುಂಬಿದೆ ಮೇಡಂ. ಮೂಟೆ ಮೇಲೆ ಒಂದು ಸೀಟು ಇದೆ. ಸೋಮವಾರ ಬೆಳಿಗ್ಗೆ ಆರಕ್ಕೆ ಅರಸೀಕೆರೆ ಮಂಡಿ ಬಾಗಿಲಲ್ಲಿ ನಿಲ್ಲಿಸಿ. ಒಂದು ಟಾರ್ಪಾಲು ಕೊಟ್ಟು ಕಳ್ಸಿ."

ದ್ರಾಕ್ಷಾಯಣಿಯವರು ಕೈಮುಗಿದು ಊಟಕ್ಕೆ ಹೋದರು. ತ್ರಿಶಲಾ ಹಾಜರಿ ಪುಸ್ತಕ ಎಳೆದುಕೊಂಡು, ವಿಭಾಗ ಮುಖ್ಯಸ್ಥೆ ಎಂಬಲ್ಲಿ ತನ್ನ ಸ್ವಂತ ಹೆಸರನ್ನೇ ಸಹಿ ಮಾಡಿದಳು. ಕೊರಳ ಚೀಟಿಯನ್ನು ತೆಗೆದು, ತಪಾಸಣೆಗೆಂದು ಜಾವಗಲ್ಲಿನಿಂದ ಬಂದಿದ್ದ ನಂಜುಂಡಯ್ಯನವರ ಮುಂದಿಟ್ಟು, ಅರ್ಧ ದಿನ ಅಂದಿದ್ದೆ, ತೀರಿಸಿದೆ ಎಂದಳು. ನಂಜುಂಡಯ್ಯ ಗಡಿಯಾರ ನೋಡಿ, ಸರಿಯಾಗಿದೆ ಎಂದು ಅವಳ ಹೆಸರಿನ ಮುಂದೆ ಗೀಟೆಳೆದರು.